ಪೆಂಡಾಲಿನ ಹಾಡು ಗ್ಲಾಸ್ಟನ್‌ಬರಿಗೆ ಹೋದ ದಾರಿ

ಕನ್ನಡದ ರಾಕ್ ಬ್ಯಾಂಡುಗಳ ಮಾತು ಬಂದಾಗಲೆಲ್ಲ ಬೆಂಗಳೂರಿನ ಪಬ್ಬುಗಳು, ಮೈಸೂರಿನ ಕಾಲೇಜುಗಳು ನೆನಪಾಗುತ್ತವೆ. ಶಿವಮೊಗ್ಗ, ಭದ್ರಾವತಿಗಳನ್ನು ಯಾರೂ ಎತ್ತುವುದಿಲ್ಲ. ಜಗತ್ತು ಸುತ್ತಿ ಹೆಸರು ಮಾಡಿದ ಬ್ಯಾಂಡು ಈ ಜೋಡಿ ಊರುಗಳಿಂದ ಹೊರಟಿಲ್ಲ, ನಿಜ. ಆದರೆ ಆ ಬ್ಯಾಂಡುಗಳು ಹಾಡಿ ಗೆದ್ದ ಹಾಡುಗಳನ್ನು ಕನ್ನಡಿಗರ ಕಿವಿಗೆ ಮೊದಲು ಹಾಕಿದವರು ಯಾರು, ಸಿನಿಮಾ ಹಾಡಲ್ಲದ ಕನ್ನಡ ಹಾಡಿಗೂ ಜನ ಸೇರುತ್ತಾರೆ ಎಂದು ತೋರಿಸಿಕೊಟ್ಟವರು ಯಾರು ಎಂದು ಕೇಳುತ್ತ ಹೋದರೆ ತುಂಗಾ–ಭದ್ರಾ ದಡಕ್ಕೆ ಬರದೆ ಗತಿಯಿಲ್ಲ. ಜಿಲ್ಲೆಯ ಸಂಗೀತ ಸಂಘಗಳನ್ನು ನೆನೆಯುವ ಈ ಸಂಚಿಕೆಯಲ್ಲಿ ಆ ನಂಟನ್ನು ದಾಖಲಿಸಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಹಾರ್ಡ್ ರಾಕ್ ಸಂಗೀತ ಬೆಳೆದದ್ದು ಕಬ್ಬಿಣದ ಊರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ 1965ರಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡು ಕತ್ತರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಕೆಲಸ ಬಿಟ್ಟು ಗಿಟಾರ್ ಹಿಡಿದು ಹೊರಡಬೇಕೆಂದಿದ್ದ ಅವನ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳು ಹೋದವು. ಅವನು ಎಡಗೈಯಲ್ಲಿ ಮೀಟುವವನು, ತಂತಿ ಒತ್ತುವ ಕೈ ಬಲಗೈಯೇ. ಪ್ಲಾಸ್ಟಿಕ್ ಬಾಟಲಿಯೊಂದನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡ, ಅದರ ಮೇಲೆ ಚರ್ಮ ಅಂಟಿಸಿದ, ಒತ್ತಲು ಹಗುರವಾಗಲೆಂದು ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೂ ಇಳಿಸಿಕೊಂಡ. ಆ ಇಳಿದ ಶ್ರುತಿಯ ಭಾರದ ನಾದವೇ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಗುರುತಾಯಿತು. 1968ರಲ್ಲಿ ಕೂಡಿದ ನಾಲ್ವರು ಊರಿನ ಪಬ್ಬುಗಳಲ್ಲಿ ನುಡಿಸಿ ಪಳಗಿದರು. ಅವರ ಮೊದಲ ಧ್ವನಿಮುದ್ರಿಕೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ಮುಗಿದದ್ದು, 1970ರ ಫೆಬ್ರವರಿಯಲ್ಲಿ ಹೊರಬಂದದ್ದು. 2025ರ ಜುಲೈ 5ರಂದು ಅವರು ಕೊನೆಯ ಸಲ ನುಡಿಸಿದ್ದು ತಾವು ಹುಟ್ಟಿ ಬೆಳೆದ ಆಸ್ಟನ್ ಬಡಾವಣೆಯ ಫುಟ್‌ಬಾಲ್ ಮೈದಾನದಲ್ಲೇ.

ಭದ್ರಾವತಿಯೂ ಕಬ್ಬಿಣದ ಊರೇ. ಮೈಸೂರು ಸಂಸ್ಥಾನ ಇಲ್ಲಿ 1918ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಹಿಡಿಯಿತು. 1923ರಲ್ಲಿ ಕುಲುಮೆಗೆ ಬೆಂಕಿ ಬಿತ್ತು. ಮಲೆನಾಡಿನ ಕಾಡಿನ ಇದ್ದಿಲು ಉರಿಸಿ ಅದಿರು ಕರಗಿಸಿದ ಊರಿದು. ಸರ್ ಎಂ. ವಿಶ್ವೇಶ್ವರಯ್ಯನವರು 1923ರಿಂದ 1929ರವರೆಗೆ ಆಡಳಿತ ನೋಡಿಕೊಂಡ ಈ ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಟ್ಟರು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂತು. ಕೆಲಸ ಅರಸಿ ತಮಿಳರು, ತೆಲುಗರು, ಮಲೆಯಾಳಿಗಳು ಬಂದರು. ನ್ಯೂಟೌನ್, ಪೇಪರ್‌ಟೌನ್, ಜನ್ನಾಪುರದ ಕ್ವಾರ್ಟರ್ಸ್‌ಗಳಲ್ಲಿ ಒಂದೇ ಸಾಲಿನ ಮನೆಗಳಲ್ಲಿ ನಾಲ್ಕು ಭಾಷೆಯ ಅಡುಗೆ ಬೇಯುತ್ತಿತ್ತು. ಮೂರು ಪಾಳಿ, ಸೈರನ್ನು, ತಿಂಗಳ ಸಂಬಳ, ಸಂಜೆ ಹೊತ್ತು ಹೋಗದ ಹುಡುಗರು, ಕ್ಲಬ್ಬು, ಮೈದಾನ. ಬ್ಯಾಂಡು ಹುಟ್ಟಲು ಬರ್ಮಿಂಗ್‌ಹ್ಯಾಮ್‌ನಲ್ಲಿ ಏನೇನಿತ್ತೋ ಅದರಲ್ಲಿ ಬಹುಪಾಲು ಇಲ್ಲೂ ಇತ್ತು.

ಹುಟ್ಟಿದ್ದೂ ಹೌದು. ಅದಕ್ಕೆ ನಾವಿಟ್ಟ ಹೆಸರು ಆರ್ಕೆಸ್ಟ್ರಾ. ಕರಪತ್ರದಲ್ಲಿ ಅಚ್ಚಾಗುತ್ತಿದ್ದದ್ದು 'ರಸಮಂಜರಿ ಕಾರ್ಯಕ್ರಮ'. ಗಣಪತಿ ಕೂರಿಸಿದ ಬೀದಿಯಲ್ಲಿ, ರಾಜ್ಯೋತ್ಸವಕ್ಕೆ, ಅಣ್ಣಮ್ಮ–ಮಾರಮ್ಮನ ಜಾತ್ರೆಗೆ, ಕಾರ್ಖಾನೆಯ ಕಾರ್ಮಿಕರ ಸಮಾರಂಭಗಳಿಗೆ, ಮದುವೆಯ ಆರತಕ್ಷತೆಗೆ ಇವರೇ ಬೇಕು. ಇವರಲ್ಲಿ ಹಗಲು ಲೇತ್ ಮಷೀನಿನ ಮುಂದೆ ನಿಲ್ಲುವವರು, ಶಾಲಾ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಟೈಲರಂಗಡಿಯವರು ಎಲ್ಲ ಇದ್ದರು. ರಾತ್ರಿ ಪಾಳಿ ಇದ್ದವನು ಪಾಳಿ ಬದಲಾಯಿಸಿಕೊಂಡು ಬರಬೇಕಿತ್ತು. ಅಂಥ ಕಾರ್ಖಾನೆಯ ಬದುಕಿನಿಂದಲೇ ನಟ ದೊಡ್ಡಣ್ಣ ರಂಗಭೂಮಿಗೂ ಸಿನಿಮಾಕ್ಕೂ ಹೋದರು. ಪಾಳಿಯ ನಡುವೆ ಕಲೆ ಮಾಡುವುದು ಈ ಊರಿಗೆ ಹೊಸದೇನಲ್ಲ.

ಆರ್ಕೆಸ್ಟ್ರಾದ ಒಳಗನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಅದನ್ನು ಬರೆದಿಟ್ಟವರು ಕಡಿಮೆ. ಗಾಯಕನ ಕೈಯಲ್ಲಿ ಉದ್ದನೆಯ ನೋಟ್‌ಬುಕ್ಕು, ಕೈ ಬೆವರಿಗೆ ಅದರ ಅಂಚು ಕಪ್ಪಾಗಿರುತ್ತದೆ. ಒಂದು ಪುಟಕ್ಕೆ ಒಂದು ಹಾಡು. ಪುಟದ ಮೂಲೆಯಲ್ಲಿ ಶ್ರುತಿ, ಚರಣಕ್ಕೂ ಚರಣಕ್ಕೂ ನಡುವೆ 'ಬಿಜಿಎಂ' ಎಂದು ಬರೆದು ಪಕ್ಕದಲ್ಲಿ ಎಷ್ಟು ಸುತ್ತು ಎಂಬ ಅಂಕಿ. ನುಡಿಸುವವರಿಗೆ ಸ್ವರಲಿಪಿ ಇಲ್ಲ. ಕ್ಯಾಸೆಟ್ಟನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿ, ಹಿನ್ನೆಲೆಯ ಪಿಟೀಲು ಎಲ್ಲಿ ಬರುತ್ತದೆ, ಕೊಳಲು ಎಲ್ಲಿ ಬಿಡುತ್ತದೆ ಎಂದು ಕಿವಿಯಲ್ಲೇ ಹಿಡಿಯುವುದು. ಸಿನಿಮಾದಲ್ಲಿ ನಲವತ್ತು ಜನ ನುಡಿಸಿದ್ದನ್ನು ಇಲ್ಲಿ ಆರು ಜನ ತೂಗಿಸಬೇಕು: ಕೀಬೋರ್ಡಿನವನೇ ಪಿಟೀಲು, ಅವನೇ ಶಹನಾಯಿ. ತಬಲಾ–ಢೋಲಕ್ಕಿನವನ ಪಕ್ಕ ಮೊದಲು ಕಾಂಗೊ, ಆಮೇಲೆ ಡ್ರಮ್ ಸೆಟ್ಟು, ಕೊನೆಗೆ ರಿದಂ ಪ್ಯಾಡು ಬಂತು. ಮೈಕಿಗೆ ಎಕೋ ಹಾಕಿಸದೆ ಗಾಯಕ ಬಾಯಿ ತೆರೆಯುತ್ತಿರಲಿಲ್ಲ. ಮೊದಲ ಹಾಡು ಗಣೇಶನದು, ಆಮೇಲೆ ರಾಜ್‌ಕುಮಾರ್ ಹಾಡು, ಅಷ್ಟು ಹೊತ್ತಿಗೆ ಕೇಳುಗರ ಕೋರಿಕೆಯ ಚೀಟಿಗಳು ಬರಲು ಶುರು. ಚೀಟಿಯಲ್ಲಿ ತಮಿಳು ಹಾಡೂ ಇರುತ್ತಿತ್ತು, ಹಿಂದಿಯೂ ಇರುತ್ತಿತ್ತು. ಭದ್ರಾವತಿಯಲ್ಲಿ ಇಳಯರಾಜಾ ಹಾಡು ಬರುವುದಿಲ್ಲ ಎಂದರೆ ಮುಂದಿನ ವರ್ಷ ಆ ಬೀದಿಯವರು ಕರೆಯುವುದಿಲ್ಲ. ಹೀಗೆ ನಾಲ್ಕು ಭಾಷೆಯಲ್ಲಿ, ಒಬ್ಬನೇ ಗಾಯಕ ಮೂವರು ಹಿನ್ನೆಲೆ ಗಾಯಕರ ದನಿಯಲ್ಲಿ, ನಡುರಾತ್ರಿಯವರೆಗೆ ಹಾಡಬಲ್ಲ ಕಸುಬು ಇಲ್ಲಿ ತಯಾರಾಯಿತು. ವಾದ್ಯದ ಮೇಲಿನ ಹಿಡಿತದಲ್ಲಿ ಇವರು ಯಾವ ಕ್ಲಬ್ ಬ್ಯಾಂಡಿಗೂ ಕಡಿಮೆಯಿರಲಿಲ್ಲ ಎಂದು ನಾನು ಗಟ್ಟಿಯಾಗಿ ಹೇಳಬಲ್ಲೆ.

ಹಾಗಿದ್ದೂ ಇವರ ಹೆಸರು ಜಿಲ್ಲೆ ದಾಟಲಿಲ್ಲ. ಕಾರಣ ಒಂದೇ: ಹಾಡು ಇವರದಾಗಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ನ ಹುಡುಗರೂ ಮೊದಲು ಬೇರೆಯವರ ಹಾಡುಗಳನ್ನೇ ನುಡಿಸಿದರು, ಆದರೆ ಅಲ್ಲಿಯ ಕ್ಲಬ್ಬಿನ ಕೇಳುಗ ಒಂದು ಹಂತದಲ್ಲಿ ಹೊಸ ಹಾಡಿಗೂ ಕಿವಿಗೊಟ್ಟ. ನಮ್ಮ ಪೆಂಡಾಲಿನಲ್ಲಿ ಜನ ಬಯಸುತ್ತಿದ್ದದ್ದು ತಾವು ಚಿತ್ರಮಂದಿರದಲ್ಲಿ ಕೇಳಿದ್ದನ್ನೇ, ಹೇಗೆ ಕೇಳಿದ್ದರೋ ಹಾಗೆಯೇ. ಸ್ವಂತ ಹಾಡಿಗೆ ಚೀಟಿ ಬರುವುದು ಹೇಗೆ? ಸಿನಿಮಾದ ಆಚೆಗೂ ಕನ್ನಡದಲ್ಲಿ ಹಾಡಿದೆ, ಅದನ್ನು ಕೂತು ಕೇಳಬಹುದು ಎಂಬ ರೂಢಿ ಬೇರೆ ಕಡೆಯಿಂದ ಬರಬೇಕಿತ್ತು. ಅದು ಬಂದದ್ದು ಹದಿನೆಂಟು–ಇಪ್ಪತ್ತು ಕಿಲೋಮೀಟರ್ ದೂರದ ಶಿವಮೊಗ್ಗದಿಂದ.

ಶಿವಮೊಗ್ಗ ಕವಿಗಳ ಜಿಲ್ಲೆ. ಕುಪ್ಪಳಿಯ ಕುವೆಂಪು, ಈಸೂರಿನ ಜಿ.ಎಸ್. ಶಿವರುದ್ರಪ್ಪ ಇಬ್ಬರೇ ಸಾಕು, ಸುಗಮ ಸಂಗೀತದ ಅರ್ಧ ಕಾರ್ಯಕ್ರಮ ತುಂಬುತ್ತದೆ. ಬೆಂಗಳೂರು ಗ್ರಾಮಾಂತರದ ದೇವನಹಳ್ಳಿಯಿಂದ ಬಂದ ಕೆ.ಎಸ್. ನಿಸಾರ್ ಅಹಮದ್ ಇಲ್ಲಿಯ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿದರು. ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂತು. ಭಾವಗೀತೆಗಳ ಕ್ಯಾಸೆಟ್ ಯುಗವನ್ನು ಕನ್ನಡದಲ್ಲಿ ತೆರೆದದ್ದು ಅದೇ. ಕರ್ನಾಟಕ ಸಂಘ 1930ರಿಂದಲೂ ಇಲ್ಲಿದೆ. ಪದ್ಯ ಓದುವುದನ್ನೂ ಹಾಡುವುದನ್ನೂ ಊರಿನ ಸಾರ್ವಜನಿಕ ಕೆಲಸವೆಂದು ನೋಡಿದ ಸಂಸ್ಥೆ ಅದು. ತುಂಗೆಯ ದಡದ ಮತ್ತೂರು–ಹೊಸಹಳ್ಳಿಯಲ್ಲಿ ಗಮಕ ಮನೆಮನೆಯ ವಿದ್ಯೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕಾಗಿಯೇ. ಸಾಹಿತ್ಯ ಅರ್ಥವಾಗುವಂತೆ ಹಾಡಬೇಕು ಎಂಬ ಹಟ ಈ ಭಾಗದ ಗಾಯಕರಿಗೆ ಎಲ್ಲಿಂದ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಇನ್ನು ಶಿವಮೊಗ್ಗ ಸುಬ್ಬಣ್ಣ. ಹೊಸನಗರ ತಾಲೂಕಿನ ನಗರದಲ್ಲಿ 1938ರಲ್ಲಿ ಹುಟ್ಟಿದ ಜಿ. ಸುಬ್ರಹ್ಮಣ್ಯ, ವೃತ್ತಿಯಿಂದ ವಕೀಲರು. ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಹೊತ್ತು ನಾಡು ತಿರುಗಿದವರು. ಕೋರ್ಟಿನ ಕೆಲಸದ ಜೊತೆಗೇ ಸಭೆ–ಸಮಾರಂಭಗಳಲ್ಲಿ, ಆಕಾಶವಾಣಿಯಲ್ಲಿ ಹಾಡುತ್ತ ಬಂದರು. ಚಂದ್ರಶೇಖರ ಕಂಬಾರರು ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಶೀರ್ಷಿಕೆ ಗೀತೆಗೆ 1978ನೇ ಸಾಲಿನ ರಾಷ್ಟ್ರಪ್ರಶಸ್ತಿ ಅವರಿಗೆ ಬಂತು. ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ಆ ಪ್ರಶಸ್ತಿಯನ್ನು ಕನ್ನಡ ಹಾಡಿಗೆ ತಂದ ಮೊದಲಿಗರು ಅವರು. ಈಗಲೂ ಆ ಹಾಡನ್ನು ಕೇಳಿ ನೋಡಿ. ದನಿಯಲ್ಲಿ ಮುಚ್ಚುಮರೆಯಿಲ್ಲ, ಕೊರೆದು ನಯ ಮಾಡಿದ ಸಿನಿಮಾ ಗಾಯನದ ಮೆರುಗಿಲ್ಲ. ಬಯಲಲ್ಲಿ ನಿಂತು ಕೂಗಿ ಕರೆದ ಹಾಗೆ ಎದೆಯಿಂದ ಎತ್ತಿದ ಸ್ವರ. ರಾಕ್ ಗಾಯಕರು ಗಂಟಲು ತೆರೆದು ಹಾಡುವುದನ್ನು ಮೆಚ್ಚುವ ಇಂದಿನ ಹುಡುಗರು ಆ ಧ್ವನಿಮುದ್ರಣವನ್ನು ಒಂದು ಸಲವಾದರೂ ಕೇಳಬೇಕು ಎಂಬುದು ನನ್ನ ಕೋರಿಕೆ. 2022ರ ಆಗಸ್ಟ್ 11ರಂದು ಅವರು ತೀರಿಕೊಂಡಾಗ ಶಿವಮೊಗ್ಗ ಎಂಬ ಹೆಸರನ್ನು ಹಾಡಿನ ಜೊತೆ ಸೇರಿಸಿ ಹೇಳುವುದನ್ನು ನಾಡು ಎಷ್ಟೋ ವರ್ಷಗಳಿಂದ ರೂಢಿ ಮಾಡಿಕೊಂಡಿತ್ತು.

ಈ ಎರಡೂ ಊರುಗಳನ್ನು ಬೆಸೆದದ್ದು ಆಕಾಶವಾಣಿ. ಭದ್ರಾವತಿ ಕೇಂದ್ರ 1965ರಲ್ಲಿ ಶುರುವಾಯಿತು. ಬೆಂಗಳೂರು, ಧಾರವಾಡಗಳಂಥ ದೊಡ್ಡ ಊರುಗಳ ಸಾಲಿನಲ್ಲಿ ಕಾರ್ಖಾನೆಯ ಪಟ್ಟಣವೊಂದಕ್ಕೆ ರೇಡಿಯೋ ಕೇಂದ್ರ ಸಿಕ್ಕಿದ್ದು ಸಣ್ಣ ಮಾತಲ್ಲ. 675 ಕಿಲೋಹರ್ಟ್ಸ್‌ನಲ್ಲಿ ಭಾವಗೀತೆ, ತತ್ವಪದ, ಸೋಬಾನೆ, ಗೀಗೀ ಪದ ಅಡಿಕೆ ತೋಟದ ಮನೆಗಳಿಗೂ ಕಾರ್ಖಾನೆಯ ಕ್ವಾರ್ಟರ್ಸಿಗೂ ಒಟ್ಟಿಗೆ ತಲುಪಿದವು. ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾದ ಸ್ಥಳೀಯ ಗಾಯಕರಿಗೆ ಊರಲ್ಲಿ ಸಿಗುತ್ತಿದ್ದ ಮರ್ಯಾದೆಯೇ ಬೇರೆ. 'ರೇಡಿಯೋದಲ್ಲಿ ಹಾಡಿದವರು' ಎಂದರೆ ಬೀದಿಯ ಗಣಪತಿ ಪೆಂಡಾಲಿನಲ್ಲೂ ಅವರಿಗೆ ಅರ್ಧ ಗಂಟೆ ಮೀಸಲು. ರಸಮಂಜರಿಯ ಅಬ್ಬರದ ನಡುವೆ ಒಂದು ಭಾವಗೀತೆ ನುಸುಳಿದ್ದು ಹೀಗೆ.

ಆ ಕಾಲದಲ್ಲೇ ಶಿಶುನಾಳ ಶರೀಫರ ಪದಗಳು ಕ್ಯಾಸೆಟ್ಟಿನಲ್ಲಿ ನಾಡು ಸುತ್ತಿದವು. ಶರೀಫರು ಬದುಕಿದ್ದದ್ದು 1819ರಿಂದ 1889ರವರೆಗೆ, ಈಗಿನ ಹಾವೇರಿ ಜಿಲ್ಲೆಯ ಶಿಶುನಾಳದಲ್ಲಿ. ಅವರ ಪದಗಳು ಭಜನೆ ಮೇಳಗಳಲ್ಲಿ ಉಳಿದುಕೊಂಡಿದ್ದವು. ಅವನ್ನು ಇಡೀ ಕರ್ನಾಟಕದ ಹಾಡಾಗಿ ಮಾಡಿದ ದನಿಗಳಲ್ಲಿ ಎರಡು ಮುಖ್ಯ: ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ. ಅಶ್ವತ್ಥರೂ ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರಾಗಿದ್ದವರು. ಕಾರ್ಖಾನೆಯ ಗೇಟಿನಿಂದ ವೇದಿಕೆಗೆ ಬಂದವರ ಪಟ್ಟಿಗೆ ಅವರನ್ನೂ ಸೇರಿಸಬೇಕು. 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂದಾಗ, ಅಶ್ವತ್ಥರ ಸಂಗೀತದಲ್ಲಿ ಆ ಪದಗಳು ಶಾಲೆಯ ಮಕ್ಕಳ ಬಾಯಿಗೂ ಬಂದವು. ಅಶ್ವತ್ಥರು 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ 'ಕನ್ನಡವೇ ಸತ್ಯ' ನಡೆಸಿದಾಗ ಸೇರಿದ ಜನಸಾಗರ, ಭಾವಗೀತೆಗೆ ಯಾವ ಪರದೇಶಿ ರಾಕ್ ತಾರೆಗೂ ಕಡಿಮೆಯಿಲ್ಲದ ಸಭೆ ಕೂಡಬಲ್ಲದು ಎಂದು ತೋರಿಸಿತು.

ಬ್ಯಾಂಡಿನ ಕಥೆ ಶುರುವಾಗುವುದು ಇಲ್ಲಿಂದ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವೀಧರರು. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನೊಬ್ಬ ಹಾಕಿದ ಸವಾಲಿಗೆ. ಔಷಧ ಕಂಪನಿಯ ಕೆಲಸದ ಮೇಲೆ ಬೆಲ್ಜಿಯಂನಲ್ಲಿದ್ದಾಗ ಅಲ್ಲಿನ ರೇಡಿಯೋದಲ್ಲಿ ಹಾಡುವ ಅವಕಾಶ ಸಿಕ್ಕಿತು. ಕೇಳಿದವರ ಮೆಚ್ಚುಗೆ ನೋಡಿ ಕೆಲಸ ಬಿಟ್ಟು ಊರಿಗೆ ಬಂದರು. ನಮ್ಮ ಸುಬ್ಬಣ್ಣನವರಂತೆ ಅವರ ದಾರಿಯೂ ರೇಡಿಯೋ ಮೂಲಕವೇ ತೆರೆಯಿತು. 1990ರ ದಶಕದ ಕೊನೆಯಲ್ಲಿ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು, ಅದು ಒಡೆಯಿತು. ಮುಂದೆ ಬಂದವರೆಲ್ಲ ಸೇರಿಕೊಳ್ಳಬಹುದಾದ ತೆರೆದ ಮನೆಯಂತೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ರೂಪುಗೊಂಡಿತು. ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಗ ಇಂಗ್ಲಿಷ್ ಹಾಡಿಗೇ ಬೇಡಿಕೆ. ಪೆಂಡಾಲಿನ ಚೀಟಿಯ ಒತ್ತಡಕ್ಕೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಧ್ವನಿಮುದ್ರಿಕೆ ಕಂಪನಿಗಳು ವರ್ಷಗಟ್ಟಲೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಮುಂಬೈಯ ಕ್ಲಬ್ಬೊಂದರಲ್ಲಿ ಇವರ ಹಾಡು ಕೇಳಿದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ತಮ್ಮದೇ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಂ ತಂದರು. ಅದೇ ವರ್ಷ 'ಸೈಕೋ' ಚಿತ್ರದ ಮಾದೇಶ್ವರನ ಹಾಡು ಕನ್ನಡ ನಾಡಿನ ಮೂಲೆಮೂಲೆಗೂ ಹೋಯಿತು. ರಸಮಂಜರಿಯ ನೋಟ್‌ಬುಕ್ಕುಗಳಿಗೂ ಅದು ಸೇರಿದ್ದು ಸಹಜ.

ಆ ಮೊದಲ ಆಲ್ಬಂನಲ್ಲಿ ಶರೀಫರ 'ಗುಡುಗುಡಿಯ ಸೇದಿ ನೋಡೋ' ಇತ್ತು. ಈ ಪದ ರಾಕ್ ಸಂಗೀತಕ್ಕೆ ಒಗ್ಗಿದ್ದು ಆಕಸ್ಮಿಕವಲ್ಲ. ತತ್ವಪದದ ಪಲ್ಲವಿ ಚಿಕ್ಕದು, ಮತ್ತೆ ಮತ್ತೆ ಮರಳಿ ಬರುವಂಥದ್ದು, ಭಜನೆಯಲ್ಲಿ ಕೂತವರೆಲ್ಲ ದನಿಗೂಡಿಸಲೆಂದೇ ಕಟ್ಟಿದ್ದು. ತಾಳ ನೇರ. ಮಾತು ಗುಡುಗುಡಿ, ಮಾಳಿಗೆ, ಕೋಳಿಯಂಥ ಮನೆಯ ವಸ್ತುಗಳದ್ದು, ಒಳಗೆ ದೇಹ–ಆತ್ಮದ ಒಗಟು. ರಾಕ್ ಹಾಡಿಗೂ ಬೇಕಾದದ್ದು ಇಡೀ ಮೈದಾನ ಕೂಗಿ ಹಾಡಬಲ್ಲ ಪಲ್ಲವಿ, ಬಿಡದ ಲಯ. ರಘು ದೀಕ್ಷಿತರ ತಂಡ ಗಿಟಾರ್ ಮೀಟಿನ ಮೇಲೆ ಪದವನ್ನು ಎತ್ತಿಕೊಂಡು, ಪಿಟೀಲು ಸೇರಿಸಿ, ಡ್ರಮ್ ಹಾಗೂ ಬೇಸ್ ಗಿಟಾರ್‌ಗಳನ್ನು ಬಿಗಿಗೊಳಿಸುತ್ತ ಹೋಗಿ, ಕೊನೆಗೆ ಸಭೆಯ ಕೈಗೆ ಪಲ್ಲವಿ ಒಪ್ಪಿಸುತ್ತದೆ. ಕನ್ನಡ ಗೊತ್ತಿಲ್ಲದವರಿಂದಲೂ ಪಲ್ಲವಿ ಹೇಳಿಸುವುದು ಅವರ ರೂಢಿ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತ ಹಾಡುವ ಈ ಗಾಯಕ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮಕ್ಕೆ ಹೋದರು. ಅದು ಪ್ರಸಾರವಾದ ಮೇಲೆ ಇವರ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತದ ಪಟ್ಟಿಯಲ್ಲಿ ಮೇಲಕ್ಕೇರಿತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ, ಅದೇ ವರ್ಷ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆ. ಶಿಶುನಾಳದ ಪದ ಇಂಗ್ಲೆಂಡಿನ ಬಯಲಿನಲ್ಲಿ ಗುಡುಗಿತು.

ಇವರ ಬೆನ್ನಿಗೇ 'ಸ್ವರಾತ್ಮ' ಬಂತು. ವಾಸು ದೀಕ್ಷಿತ್ ಮುಂದಾಳಾಗಿ 2002ರಲ್ಲಿ ಕೂಡಿದ ತಂಡ 2006ರಲ್ಲಿ ಎಫ್‌ಎಂ ವಾಹಿನಿಯೊಂದರ ಬ್ಯಾಂಡ್ ಸ್ಪರ್ಧೆ ಗೆದ್ದು 2009ರಲ್ಲಿ ಮೊದಲ ಆಲ್ಬಂ ತಂದಿತು. ವಾಸು ವೇದಿಕೆಯ ಮೇಲೆ ಸೊಂಟಕ್ಕೆ ಅಲಂಕಾರದ ಕುದುರೆ ಕಟ್ಟಿ ಕುಣಿದದ್ದನ್ನು ಕಂಡಾಗ ನಮ್ಮ ಉತ್ಸವಗಳ ಕೀಲುಕುದುರೆಯನ್ನು ಕಂಡವರಿಗೆ ಪರಿಚಯ ಹೇಳಬೇಕಾಗಿರಲಿಲ್ಲ.

ಶುದ್ಧ ಹಾರ್ಡ್ ರಾಕ್, ಹೆವಿ ಮೆಟಲ್ ಹಾದಿ ಹಿಡಿದವರೂ ರಾಜ್ಯದಲ್ಲಿದ್ದಾರೆ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ 'ಕ್ರಿಪ್ಟೋಸ್' 2010ರಲ್ಲಿ ಯುರೋಪ್ ಪ್ರವಾಸ ಮಾಡಿತು, 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿತು. ಅವರ ಹಾಡು ಇಂಗ್ಲಿಷ್. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಪಟ್ಟು ಬಿಡದೆ ನಡೆದ ಆ ತಂಡದ ಬಗ್ಗೆ ನನಗೆ ದೊಡ್ಡ ಗೌರವವಿದೆ. ಆದರೆ ಕರ್ನಾಟಕದ ಸಣ್ಣ ಊರುಗಳ ಹುಡುಗ ಹುಡುಗಿಯರಿಗೆ 'ಬ್ಯಾಂಡು ಎಂದರೆ ನಮ್ಮದೂ ಆಗಬಹುದು' ಎನ್ನಿಸಿದ್ದು ಕನ್ನಡದಲ್ಲಿ ಹಾಡಿದವರಿಂದ. ಅವರಿಗೆ ಕೇಳುಗರನ್ನು ಒದಗಿಸಿದ್ದು ಎರಡು ತಲೆಮಾರಿನ ಸುಗಮ ಸಂಗೀತ. ಶರೀಫರ ಪಲ್ಲವಿ ಮೊದಲೇ ಬಾಯಿಗೆ ಬರುತ್ತಿದ್ದ ಸಭೆ ಇಲ್ಲದಿದ್ದರೆ ಗಿಟಾರಿನಲ್ಲಿ ಅದನ್ನು ಎತ್ತುವ ಧೈರ್ಯ ಯಾರಿಗೆ ಬರುತ್ತಿತ್ತು? ಸುಬ್ಬಣ್ಣ, ಅಶ್ವತ್ಥ್, ಅನಂತಸ್ವಾಮಿ ಮತ್ತು ಹೆಸರು ಉಳಿಯದ ನೂರಾರು ಆಕಾಶವಾಣಿ ಗಾಯಕರ ಋಣ ಈ ಬ್ಯಾಂಡುಗಳ ಮೇಲಿದೆ ಎಂದು ನಾನು ನಂಬಿದ್ದೇನೆ.

ಭದ್ರಾವತಿಯ ಪೆಂಡಾಲುಗಳ ಸ್ಥಿತಿ ಈಗ ಬೇರೆ. ಕಾಗದದ ಕಾರ್ಖಾನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಜನರ ಹೋರಾಟದ ಮೇಲೆ ಕಾರ್ಖಾನೆ ಅದೇ ವರ್ಷ ಮತ್ತೆ ಸ್ವಲ್ಪ ಜೀವ ಹಿಡಿಯಿತು. ಕ್ವಾರ್ಟರ್ಸಿನ ಸಾಲುಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ. ಗಣಪತಿ ಉತ್ಸವಕ್ಕೆ ಡಿಜೆ ಬಂದ ಮೇಲೆ ಆರು ಜನರ ತಂಡವನ್ನು ಕರೆಸುವವರು ಕಡಿಮೆಯಾದರು. ಹಳೆಯ ವಾದ್ಯಗಾರರು ಮಕ್ಕಳಿರುವ ಬೆಂಗಳೂರಿಗೆ ಸಾಮಾನು ಸಾಗಿಸುವಾಗ ಮೊದಲು ಗುಜರಿಗೆ ಹೋಗುವುದು ಆ ನೋಟ್‌ಬುಕ್ಕುಗಳು, ತಾಲೀಮಿನ ಕ್ಯಾಸೆಟ್ಟುಗಳು, ಕರಪತ್ರಗಳು.

ಹಾಗಾಗಿ ಈ ಸಂಚಿಕೆಯ ಓದುಗರಲ್ಲಿ ಒಂದು ಕೆಲಸದ ಮಾತು. ಮನೆಯಲ್ಲಿ ಆರ್ಕೆಸ್ಟ್ರಾದ ನೋಟ್‌ಬುಕ್ಕು, ಪೆಂಡಾಲಿನಲ್ಲಿ ಮುದ್ರಿಸಿಕೊಂಡ ಕ್ಯಾಸೆಟ್ಟು, ಫೋಟೋ, ಆಕಾಶವಾಣಿಯಿಂದ ಬಂದ ಕರಾರು ಪತ್ರ ಯಾವುದೇ ಇದ್ದರೂ ಎಸೆಯಬೇಡಿ. ಕ್ಯಾಸೆಟ್ಟುಗಳನ್ನು ಬಿಸಿಲು, ತೇವ ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಿ. ಮಲೆನಾಡಿನ ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಹಿಡಿಯುವುದು ಬೇಗ, ಬೂಷ್ಟು ಹಿಡಿದದ್ದನ್ನು ಪ್ಲೇಯರಿಗೆ ಹಾಕಿದರೆ ಎರಡೂ ಕೆಡುತ್ತವೆ. ಫೋಟೋದ ಹಿಂದೆ ನುಡಿಸಿದವರ ಹೆಸರು, ಬೀದಿ, ವರ್ಷಗಳನ್ನು ಪೆನ್ಸಿಲ್ಲಿನಲ್ಲಿ ಬರೆದಿಡಿ. ನುಡಿಸಿದವರು ಇನ್ನೂ ಇದ್ದರೆ ಅವರನ್ನು ಕೂರಿಸಿ ಮೊಬೈಲಿನಲ್ಲಿ ಒಂದು ಗಂಟೆ ಮಾತನಾಡಿಸಿ: ಮೊದಲ ಗಿಟಾರ್ ಯಾವ ಊರಿಂದ ತಂದದ್ದು, ತಾಲೀಮು ಯಾರ ಮನೆಯಲ್ಲಿ, ಪಾಳಿ ಯಾರು ಬದಲಾಯಿಸಿಕೊಟ್ಟರು, ಯಾವ ಹಾಡಿಗೆ ಚೀಟಿ ಹೆಚ್ಚು ಬರುತ್ತಿತ್ತು. ಬರ್ಮಿಂಗ್‌ಹ್ಯಾಮ್ ತನ್ನ ಹುಡುಗರ ಬ್ಯಾಂಡಿನ ಬಗ್ಗೆ ವಸ್ತುಪ್ರದರ್ಶನ ನಡೆಸಿದೆ, ಒಂದು ಸೇತುವೆಯ ಮೇಲೆ ಅವರ ಹೆಸರಿನ ಬೆಂಚು ಹಾಕಿಸಿದೆ. ನಾವು ಕನಿಷ್ಠ ನಮ್ಮ ವಾದ್ಯಗಾರರ ಒಂದು ಪೂರ್ಣ ಪಟ್ಟಿಯನ್ನಾದರೂ ಮಾಡೋಣ. ಕಡದಕಟ್ಟೆಯಿಂದ ಹುತ್ತಾ ಕಾಲೋನಿಯವರೆಗೆ, ದುರ್ಗಿಗುಡಿಯಿಂದ ಗಾಂಧಿಬಜಾರಿನವರೆಗೆ ಬೀದಿಗೊಬ್ಬರು ಈ ಕೆಲಸ ವಹಿಸಿಕೊಂಡರೆ ಮುಂದಿನ ಗಣಪತಿ ಹಬ್ಬದ ಒಳಗೆ ಅದು ಮುಗಿಯುತ್ತದೆ.